ಅಜ್ಜಂಪುರದ ಮದುವೆಯಲ್ಲಿ ಉರುಳಿದ ಕಳಸ

ಕಡೂರು
ಗುರುವಾರ, 12-6-2025

ಚಿರಂಜೀವಿ ಸಿದ್ದಲಿಂಗೇಶನಿಗೆ,

ಅದಲ್ಲ ಕಣೋ, ನಿನ್ನೆ ಫೋನಿನಲ್ಲಿ ನಾನು ಹೇಳಹೊರಟಿದ್ದು ಬೇರೆಯೇ. ನೀನು "ಆಮೇಲೆ ಮಾತಾಡಾಣ ಇರಪ್ಪಾ" ಅಂತ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಮಧ್ಯದಲ್ಲಿ ಕಟ್ ಮಾಡುವುದಕ್ಕೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರೋಗ್ಯವೇ? ಸೊಂಟದ ನೋವು ಹೇಗಿದೆ? ತರೀಕೆರೆಯ ಛತ್ರದಲ್ಲಿ ಕಬ್ಬಿಣದ ತೊಲೆಗೆ ಕಾಲು ಸಿಕ್ಕಿಸಿಕೊಂಡು ಬಾವಲಿಯ ಹಾಗೆ ನೇತಾಡಿದವನಿಗೆ ಸೊಂಟ ನೋಯದೆ ಇನ್ನೇನಾಗುತ್ತದೆ. ನನ್ನ ಶುಗರ್ ಕಂಟ್ರೋಲಿನಲ್ಲಿದೆ. ಮುದ್ದೆ ನಾನೇ ತಿರುವಿಕೊಳ್ಳುತ್ತೇನೆ, ಗಂಟು ಉಳಿಯುತ್ತದೆ, ನಿಮ್ಮವ್ವ ಇದ್ದಿದ್ದರೆ ನಗುತ್ತಿದ್ದಳು.

ನಿನ್ನ ಈ ಮದುವೆ ಫೋಟೋದ ಕಸುಬಿನ ಮೇಲೆ ನನಗೆ ತಾತ್ಸಾರ ಇರಲಿಲ್ಲ. ಡಿಗ್ನಿಟಿ ಆಫ್ ಲೇಬರ್ ಅಂತ ಬಿ.ಎ.ಯಲ್ಲಿ ಒಂದು ಪಾಠವೇ ಇತ್ತು. ಒಳಗೆ ಏನಿತ್ತೋ ಮರೆತಿದ್ದೇನೆ, ಹೆಸರು ಮಾತ್ರ ಉಳಿದಿದೆ. ಆದರೆ ಈಗೀಗ ನೋಡಿದರೆ ಅಸಹ್ಯವಾಗುತ್ತದೆ. ನಮ್ಮ ಬೀದಿಯ ಭೂಮಿಕಾಳನ್ನು ಮದುವೆಗೆ ಮುಂಚೆ ಕೆರೆ ಕೋಡಿಯ ಪಾಚಿಗಲ್ಲಿನ ಮೇಲೆ ನಿಲ್ಲಿಸಿ, ನೀನು ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, "ಮೇಡಂ, ಇನ್ನೊಂದ್ ಹೆಜ್ಜೆ ಹಿಂದಕ್ಕೆ" ಅಂದೆಯಂತೆ. ಹಿಂದೆ ಏನಿತ್ತು ಅಂತ ಒಂದು ಸಲ ನೋಡಿದೆಯಾ? ದೇವನೂರಿನಲ್ಲಿ ಜೆಸಿಬಿಯ ಬಕೆಟ್ಟಿನಲ್ಲಿ ಕೂತು ಚಪ್ಪರದ ಮೇಲಕ್ಕೆ ಹೋದೆ. ಜನ ಗಂಡು ಹೆಣ್ಣನ್ನು ಬಿಟ್ಟು ನಿನ್ನನ್ನು ನೋಡಿದರು. ಮದುವೆಗೆ ಹೋದರೆ ಈಗ ನಮಗೆ ಕಾಣುವುದು ಕ್ಯಾಮೆರಾದವರ ಬೆನ್ನು. ವಾಲಗದ ಸದ್ದು ಜೋರಾದರೆ ತಾಳಿ ಕಟ್ಟಿದರು ಅಂತ ತಿಳಿದುಕೊಂಡು, ಅಕ್ಷತೆಯನ್ನು ಮುಂದಿನವನ ಬೋಳುತಲೆಯ ಮೇಲೆ ಹಾಕಿ ಊಟಕ್ಕೆ ಏಳುತ್ತೇವೆ.

ಅದೆಲ್ಲ ಹಾಳಾಗಲಿ, ಅಜ್ಜಂಪುರದ್ದು ಕೇಳು. ರುದ್ರಮೂರ್ತಿ ನನ್ನ ಹಳೆಯ ಸ್ನೇಹಿತ ಅಂತ ತಾನೇ ಮಗಳು ಸ್ಫೂರ್ತಿಯ ಮದುವೆಗೆ ನಿನ್ನನ್ನು ಕರೆಸಿದ್ದು? ಐದು ಕಳಸ ಇಟ್ಟು ದಾರ ಸುತ್ತಿದ ಮೇಲೆ ಮದುವೆ ಮಾಡಿಸುವ ಅಯ್ಯನವರ ಹೊರತು ಅದನ್ನು ಯಾರೂ ಮುಟ್ಟುವುದಿಲ್ಲ, ದಾಟುವುದಿಲ್ಲ. ಚಿಕ್ಕ ಮಕ್ಕಳೂ ಸುತ್ತಿ ಬಳಸಿ ಹೋಗುತ್ತವೆ. ನೀನು ತಾಳಿ ಕಟ್ಟುವ ಹೊತ್ತಿಗೆ ಅಂಗಾತ ಮಲಗಿ ತೆವಳಿಕೊಂಡು ಬಂದೆ. "ಸಾರ್, ತಾಳಿ ಹಂಗೇ ಹಿಡ್ಕಳಿ, ಈಗ್ಲೇ ಕಟ್ಬೇಡಿ" ಅಂದೆ. ಮುಹೂರ್ತ ನಿನಗೆ ಕಾಯಬೇಕು! ಹಿಮ್ಮಡಿಗೆ ದಾರ ಸಿಕ್ಕಿತು, ಕಳಸ ಉರುಳಿತು, ನೀರು ಹರಿಯಿತು, ಕಾಯಿ ಹೋಗಿ ಹುಡುಗಿಯ ಕಾಲಿನ ಹತ್ತಿರ ನಿಂತಿತು. ಎದ್ದು ತಪ್ಪಾಯಿತು ಅಂದೆಯಾ? ಉರುಳುತ್ತಿದ್ದ ಕಾಯಿಯ ಫೋಟೋ ತೆಗೆದೆ. ಗಂಡಿನ ಸೋದರತ್ತೆ, "ಹೆಣ್ಣಿನ ಸೆರಗು ತಾಕ್ತು ನೋಡ್ರವ್ವಾ, ಎಂಥಾ ಕಾಲ್ಗುಣ ತಂದ್ಲು ಮನೆಗೆ!" ಅಂತ ಕೂಗಿಕೊಂಡರು. ಮಿಕ್ಕವರಿಗೆಲ್ಲ ನಿಮ್ಮ ಕ್ಯಾಮೆರಾದವರ ಬೆನ್ನು ಅಡ್ಡ. ನಿನ್ನ ಕಾಲು ಕಂಡದ್ದು ಅಕ್ಷತೆ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೊಬ್ಬನಿಗೆ. ಮಗ ಅಂತ ನಾನೂ ಬಾಯಿ ಬಿಡಲಿಲ್ಲ. ಆಮಿಶನ್ ಅಂಡ್ ಕಮಿಶನ್ ಅಂತ ನಮ್ಮ ಲಾಜಿಕ್ ಮೇಷ್ಟ್ರು ಹೇಳುತ್ತಿದ್ದರು, ಒಂದು ಮಾಡಿದ ತಪ್ಪು, ಒಂದು ಮಾಡದೆ ಬಿಟ್ಟ ತಪ್ಪು. ಯಾವುದು ಯಾವುದು ಎಂಬುದು ನೆನಪಿಲ್ಲ. ನಿನ್ನದು ಒಂದು, ನನ್ನದು ಇನ್ನೊಂದು.

ಮದುವೆಯಾದ ಒಂಬತ್ತನೇ ದಿನಕ್ಕೆ ಹುಡುಗಿಯ ಮಾವ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಗಂಡಿನ ಮನೆಯವರು ಅದನ್ನೂ ಉರುಳಿದ ಕಳಸಕ್ಕೆ, ಆ ಕಳಸದ ನೆಪದಲ್ಲಿ ಸ್ಫೂರ್ತಿಗೆ ಕಟ್ಟಿದರು. "ನಾಲ್ಕ್ ದಿನ ಇದ್ ಬಾರವ್ವ" ಅಂತ ತವರಿಗೆ ಬಿಟ್ಟುಹೋದವರು ಮೂರು ವಾರವಾದರೂ ಕರೆಯಲು ಬಂದಿಲ್ಲ. ಮೊನ್ನೆ ರುದ್ರಮೂರ್ತಿ ಇಲ್ಲಿಗೆ ಬಂದು ನನ್ನ ಎದುರಿಗೆ ಕೂತು, "ನಮ್ ಹುಡ್ಗೀನೂ ಸ್ವಲ್ಪ ದುಡುಕು ಕಣಯ್ಯಾ, ಸೆರಗು ನೋಡ್ಕಬೇಕಿತ್ತು" ಅಂದ. ಹೆತ್ತ ಅಪ್ಪನೇ ನಂಬಿಬಿಟ್ಟಿದ್ದಾನೆ. ಆ ಹುಡುಗಿಯೂ ಈಗ ತಪ್ಪು ನಂದೇ ಇರಬಹುದು ಅನ್ನುತ್ತಾಳಂತೆ.

ಅದಕ್ಕೇ ನಿನ್ನೆ ಫೋನ್ ಮಾಡಿದ್ದು. ನೀನೇನಂದೆ? "ಸ್ಟ್ಯಾಂಡ್ ಮೇಲಿನ ಕ್ಯಾಮ್ರಾದಲ್ಲಿ ನನ್ ಕಾಲು ಬಿದ್ದಿತ್ತು, ಆ ಬಿಟ್ ತೆಗ್ದಾಕಿದೀನಿ. ಸೀಸನ್ ಟೈಮಲ್ಲಿ ನನ್ ಹೆಸ್ರು ಕೆಡುಸ್ಬೇಡಪ್ಪ." ಥೂ! ತೊಲೆಯಿಂದ ನೇತಾಡುತ್ತೀಯ, ಕೋಡಿಗೆ ಇಳಿಯುತ್ತೀಯ, ಕಾಲು ನಂದು ಅನ್ನುವುದಕ್ಕೆ ಹೆದರುತ್ತೀಯ. ಇನ್ನೂ ಬೈಯುವುದಿತ್ತು. ಹೊರಗೆ ಬೆಳಕು ಹೋಗುತ್ತಿದೆ, ಅಕ್ಷರ ಒಂದರ ಮೇಲೊಂದು ಕೂರುತ್ತಿವೆ. ದೀಪ ಹಾಕಲು ಎದ್ದರೆ ಕೋಪ ಇಳಿದುಹೋಗುತ್ತದೆ. ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಕಾಲು ನೆಟ್ಟಗಿಟ್ಟಿರಲಿ.

ನಿನ್ನ ಅಪ್ಪ,
ಸೋಮಶೇಖರಪ್ಪ

ತಾ.ಕ.: ಇವತ್ತು ಬೆಳಿಗ್ಗೆ ರುದ್ರಮೂರ್ತಿಗೆ ಫೋನ್ ಮಾಡಿ ಹೇಳಿಬಿಟ್ಟೆ, ಕಾಲು ನನ್ನ ಮಗನದು, ನೋಡಿ ಸುಮ್ಮನಿದ್ದವನು ನಾನು ಅಂತ. ಬರುವ ಗುರುವಾರ ಗಂಡಿನ ಕಡೆಯವರನ್ನು ಅಜ್ಜಂಪುರಕ್ಕೆ ಕರೆಸುತ್ತಿದ್ದಾನೆ. ನನ್ನ ಬರೀ ಬಾಯಿಮಾತನ್ನು ಅವರು ನಂಬುವುದಿಲ್ಲ. ಸ್ನೇಹಿತನ ಮಗಳಿಗಾಗಿ ಮುದುಕ ಸುಳ್ಳು ಹೇಳುತ್ತಾನೆ ಅನ್ನುತ್ತಾರೆ. ತೆಗೆದುಹಾಕಿದ ತುಂಡು ನಿನ್ನ ಹತ್ತಿರ ಇದ್ದೇ ಇರುತ್ತದೆ, ನೀನು ಒಂದು ಫೋಟೋವನ್ನೂ ಅಳಿಸುವವನಲ್ಲ. ಅದನ್ನು ತೆಗೆದುಕೊಂಡು ತರೀಕೆರೆಯಿಂದ ಮೊದಲ ಬಸ್ಸಿಗೇ ಹೊರಡು. ಸ್ಫೂರ್ತಿ ಗಂಡನ ಮನೆಯಿಂದ ತಂದ ಸೂಟ್‌ಕೇಸಿನಿಂದ ಇನ್ನೂ ಒಂದು ಸೀರೆಯನ್ನೂ ಹೊರಗೆ ತೆಗೆದಿಲ್ಲವಂತೆ.