ದೊಮ್ನಾ ಅಜ್ಜಿಯ ಒಲೆಯ ಮೇಲಿನ ಗೋಧಿ

ನನಗೆ ಕಾನೂನಿನ ಅಕ್ಷರ ಕಲಿಸಿದ ಅಗಿಸಿಲಾವೋಸ್ ಗುರುಗಳಿಗೆ,

ಕವಾಲಾದಿಂದ ಪೊಲಿಕ್ಸೇನಿಯ ನಮಸ್ಕಾರಗಳು. ನಿನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನಾನು ಟೀವಿಯಲ್ಲಿ ಕ್ಷಮೆ ಕೇಳುವುದಿಲ್ಲ. ನಿಮ್ಮ ಮಾತನ್ನು ಲಕ್ಷಾಂತರ ಜನರೆದುರು ತಪ್ಪು ಎಂದದ್ದಕ್ಕೆ ನಿಮಗೆ ನೋವಾಗಿದೆ, ಅದು ನನಗೆ ಗೊತ್ತು. ಆದರೆ ನೀವು ಹೇಳಿದ್ದು ತಪ್ಪೇ ಆಗಿತ್ತು. ಅದನ್ನು ಸರಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಆ ದಿನ ನಾವಿಬ್ಬರೂ ಒಂದೇ ಪರದೆಯಲ್ಲಿದ್ದೆವು. ಅಥೆನ್ಸಿನ ಸ್ಟುಡಿಯೋದಲ್ಲಿ ಕೂತ ನಿಮಗೆ ನಡುವಿನ ದೊಡ್ಡ ಚೌಕ, ಊರಿನಿಂದ ಮಾತಾಡುವ ನನಗೆ ಕೆಳಗಿನ ಮೂಲೆಯ ಚಿಕ್ಕ ಚೌಕ. ವಿಷಯ ನಾನುಲಿಯದು. ಜಾರ್ಜಿಯಾದಿಂದ ಬಂದು ನಮ್ಮ ಬೀದಿಯ ದೊಮ್ನಾ ಅಜ್ಜಿಯನ್ನು ವರ್ಷಗಟ್ಟಲೆ ನೋಡಿಕೊಂಡವಳು. ಎತ್ತಿ ಕೂರಿಸಿ, ಉಣ್ಣಿಸಿ, ಕಾಲು ತಿಕ್ಕಿದವಳು. ಸಂತ ವರ್ವಾರಾಳ ಹಬ್ಬದ ಮುಂಜಾನೆ ಅಜ್ಜಿ ಹಾಸಿಗೆಯಲ್ಲೇ ತೀರಿಕೊಂಡಳು. ಅಜ್ಜಿ ಮನೆಯನ್ನು ನಾನುಲಿಯ ಹೆಸರಿಗೆ ಬರೆದಿದ್ದಾಳೆಂದು ತಿಳಿದದ್ದೇ ತಡ, ಹತ್ತು ವರ್ಷ ಮುಖ ತೋರಿಸದ ಸೋದರಳಿಯ ಅಥೆನ್ಸಿನಿಂದ ಓಡಿ ಬಂದ. ಔಷಧಿ ಹೆಚ್ಚು ಕೊಟ್ಟು ಕೊಂದಳು ಅಂತ ದೂರು ಕೊಟ್ಟ. ನಾನುಲಿ ಅಂದಿನಿಂದ ಜೈಲಿನಲ್ಲಿದ್ದಾಳೆ.

ಆಮೇಲೆ ಚಾನೆಲ್ಲಿನವರು ಬಂದರು. ಎದುರು ಮನೆಯ ಅಮರಾಂತಿಯಾಳನ್ನು ಬಾಲ್ಕನಿಯಲ್ಲಿ ಹಿಡಿದು ಮಾತಾಡಿಸಿದರು. ಅವಳು ಕ್ಯಾಮೆರಾ ನೋಡುತ್ತ, "ಹಿಂದಿನ ಸಂಜೆ ಹೋಗಿದ್ದೆ ಕಣ್ರೀ, ಒಲೆ ಮೇಲೆ ಆಗ್ಲೇ ಗೋಧಿ ಬೇಯ್ತಾ ಇತ್ತು," ಅಂದಳು. ಪ್ರಸಾರವಾದದ್ದು ಅಷ್ಟೇ. ಅದನ್ನು ನೋಡಿ ಸ್ಟುಡಿಯೋದಲ್ಲಿ ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. ನೀವು ಹಾಗೆ ಮಾಡಿದಾಗಲೆಲ್ಲ ತರಗತಿಯಲ್ಲಿ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. "ಬೇಯಿಸಿದ ಗೋಧಿ ಯಾವುದಕ್ಕೆ ಮಾಡ್ತೀವಿ ನಾವು? ಸತ್ತವರಿಗೆ! ಮುದುಕಿ ಇನ್ನೂ ಉಸಿರಾಡ್ತಿದ್ಲು, ಇವಳು ಆಗ್ಲೇ ತಿಥಿಗೆ ಇಟ್ಟಿದ್ಲು. ಪೂರ್ವಸಿದ್ಧತೆ ಅಂದ್ರೆ ಇದೇ," ಅಂದಿರಿ. ನಿರೂಪಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಅಯ್ಯೋ ಗುರುಗಳೇ, ನಮ್ಮ ಉತ್ತರದ ಕಡೆಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು! ವರ್ವಾರಾಳ ಹಬ್ಬದ ಹಿಂದಿನ ದಿನ ನಮ್ಮಲ್ಲಿ ಗೋಧಿ ಬೇಯದ ಮನೆ ಇಲ್ಲ. ದ್ರಾಕ್ಷಿ, ಬಾದಾಮಿ, ದಾಳಿಂಬೆ, ದಾಲ್ಚಿನ್ನಿ ಹಾಕಿ ಪಾಯಸದ ಹಾಗೆ ತೆಳ್ಳಗೆ ಮಾಡುತ್ತೇವೆ, ಬಿಸಿಬಿಸಿಯಾಗಿ ನೆರೆಹೊರೆಗೆಲ್ಲ ಹಂಚುತ್ತೇವೆ. ಅದರ ಹೆಸರೂ ವರ್ವಾರಾ. ಸತ್ತವರಿಗೆ ಮಾಡುವ ಕೊಲಿವಾ ಬೇರೆ, ಒಣಗಿರುತ್ತದೆ, ಮೇಲೆ ಸಕ್ಕರೆ ಪುಡಿ ಹೊದಿಸಿರುತ್ತದೆ. ದಕ್ಷಿಣದವರಾದ ನಿಮಗೆ ಗೋಧಿ ಅಂದರೆ ಸಾವೊಂದೇ ನೆನಪಾಯಿತು. ಗೊತ್ತಿಲ್ಲದ್ದು ದೊಡ್ಡ ತಪ್ಪೇನಲ್ಲ. ಕೇಳದೆ ಹೇಳಿದ್ದು ತಪ್ಪು.

ನಾನು ಇದನ್ನೇ ಹೇಳಲು ಹೋದೆ. ಎರಡು ವಾಕ್ಯ ಆಗಿತ್ತೋ ಇಲ್ಲವೋ, ನೀವು ನಕ್ಕು, "ನಮ್ಮ ಪೊಲಿಕ್ಸೇನಿ ಅಡುಗೆ ಕ್ಲಾಸ್ ಶುರು ಮಾಡಿದ್ಲಪ್ಪ," ಅಂದಿರಿ. ಎಲ್ಲ ಚೌಕಗಳೂ ನಕ್ಕವು. "ಗುರುಗಳು ಹೇಳ್ತಿರೋದು ತಪ್ಪು" ಎಂದು ನಾನು ಕೂಗಿದ್ದು ಪ್ರಸಾರವಾಯಿತು, ಆಮೇಲಿನದು ಆಗಲಿಲ್ಲ. ನನ್ನ ಧ್ವನಿಯನ್ನೇ ಬಂದ್ ಮಾಡಿದ್ದರು. ತೆರೆಯ ಮೇಲೆ ನನ್ನ ಬಾಯಿ ಮಾತ್ರ ಆಡುತ್ತಿತ್ತಂತೆ, ನನ್ನ ಗಂಡ ಹೇಳಿದ.

ಮರುದಿನ ಅಮರಾಂತಿಯಾ ಏಪ್ರನ್ ಕೂಡ ಬಿಚ್ಚದೆ ನನ್ನ ಕಚೇರಿಗೆ ನುಗ್ಗಿದಳು. "ಆ ಚಾನೆಲ್ಲಿನವ್ರ ಮನೆ ಹಾಳಾಗ! ಗೋಧಿ ಬೇಯ್ತಿತ್ತು, ವರ್ವಾರಾ ಹಬ್ಬಕ್ಕೆ, ನಂಗೂ ಒಂದು ಬಟ್ಟಲು ಇಡು ಅಂತ ಹೇಳಿ ಬಂದೆ ಅಂದಿದ್ದೆ ಕಣೇ. ಬಾಲ ಕತ್ತರಿಸಿ ತಲೆ ಮಾತ್ರ ತೋರ್ಸಿದಾರೆ. ಈಗ ಊರವ್ರೆಲ್ಲ ನನ್ನ ಬೆನ್ನು ತಟ್ತಾರೆ, ಕೊಲೆಗಾತಿನ ಹಿಡಿದುಕೊಟ್ಟೆ ಅಂತ. ನಾನು ಯಾವ ಮುಖ ಇಟ್ಕೊಂಡು ಚರ್ಚಿಗೆ ಹೋಗ್ಲಿ?" ಅಂತ ಅತ್ತಳು. ಅವಳ ಮುಂದೆಯೇ ನಾನು ನಾನುಲಿಯ ವಕಾಲತ್ತಿಗೆ ಅರ್ಜಿ ಬರೆದೆ. ಚಾನೆಲ್ಲಿಗೆ ಇನ್ನು ಬರುವುದಿಲ್ಲ ಎಂದು ತಿಳಿಸಿದೆ.

ನಿಮ್ಮ ಉಪಕಾರ ನಾನು ಮರೆತಿಲ್ಲ. ತಂಬಾಕು ಬೆಳೆಯುವವರ ಮಗಳಿಗೆ ಯಾವ ಕಚೇರಿಯೂ ಬಾಗಿಲು ತೆರೆಯದಿದ್ದಾಗ ನೀವು ತೆರೆದಿರಿ. ನನ್ನ ಮದುವೆಯಲ್ಲಿ ನಮ್ಮಿಬ್ಬರ ತಲೆಯ ಮೇಲಿನ ಹೂಕಿರೀಟಗಳನ್ನು ಅದಲು ಬದಲು ಮಾಡಿದ ಕೈ ನಿಮ್ಮದು. ಕಡತ ಪೂರ್ತಿ ಓದದವನು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ಮೇಜು ಕುಟ್ಟಿ ಹೇಳಿದವರೂ ನೀವೇ. ಅದಕ್ಕೇ ನಿನ್ನೆ ನಿಮ್ಮ ಮಾತು ಕೇಳಿ ನನ್ನ ಎದೆ ಒಡೆಯಿತು. ಪ್ರಯೋಗಾಲಯದ ವರದಿ ಓದಿದಿರಾ ಅಂದೆ. "ಅಷ್ಟು ದಪ್ಪ ಕಡತ ಯಾರಮ್ಮಾ ಓದ್ತಾರೆ? ಚಾನೆಲ್ಲಿನವರು ಒಂದು ಪುಟ ಸಾರಾಂಶ ಕಳಿಸ್ತಾರೆ, ಸಾಕು. ನಾಳೆ ಬಂದು ದುಡುಕಿದೆ ಅನ್ನು. ಇಲ್ಲದಿದ್ರೆ ವಕೀಲರ ಸಂಘದಲ್ಲಿ ನಿನ್ನ ಮೇಲೆ ದೂರು ಬರುತ್ತೆ, ನಾನು ತಡೆಯೋದಿಲ್ಲ," ಅಂದಿರಿ. ತಡೆಯಬೇಡಿ. ಬರಲಿ.

ನಾನು ಓದಿದ್ದೇನೆ. ನಾನುಲಿಯ ಪಾತ್ರೆಯನ್ನು ಪೊಲೀಸರು ಹಾಗೇ ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದರು. ಗೋಧಿ, ದ್ರಾಕ್ಷಿ, ಬಾದಾಮಿ, ದಾಳಿಂಬೆ, ದಾಲ್ಚಿನ್ನಿ, ಸಕ್ಕರೆ ಬಿಟ್ಟು ಅದರಲ್ಲಿ ಇನ್ನೇನೂ ಇರಲಿಲ್ಲ. ಅಜ್ಜಿಯ ರಕ್ತದಲ್ಲಿದ್ದ ಔಷಧಿ ವೈದ್ಯರು ಬರೆದುಕೊಟ್ಟಷ್ಟೇ. ಹೃದಯ ದಣಿದು ನಿಂತಿತು, ವಯಸ್ಸಾಗಿತ್ತು. ಇದೆಲ್ಲ ಕಡತದಲ್ಲೇ ಇದೆ. ಆದರೆ ನಮ್ಮ ನ್ಯಾಯಾಧೀಶರ ಪಕ್ಕದಲ್ಲಿ ಕೂತು ತೀರ್ಪಿಗೆ ಮತ ಹಾಕುವ ನಾಲ್ವರು ಊರವರು ಸಂಜೆ ಮನೆಗೆ ಹೋಗುತ್ತಾರೆ, ಟೀವಿ ಹಾಕುತ್ತಾರೆ. ಕೋರ್ಟಿನೆದುರಿನ ಕಾಫಿ ಅಂಗಡಿಯವನೇ ನನ್ನ ಮುಂದೆ ಲೋಟ ಇಡುತ್ತ, "ಸುಮ್ನೆ ಯಾಕೆ ಗುದ್ದಾಡ್ತೀರ ಮೇಡಂ? ನಿಮ್ಮ ಗುರುಗಳೇ ಹೇಳಾಯ್ತಲ್ಲ, ಅವ್ಳಿಗೆ ಜೀವಾವಧಿ ಗ್ಯಾರಂಟಿ," ಅಂದ. ಅವನ ಕಾಫಿಗೆ ಬಾಯಿ ಹಾಕದೆ ಎದ್ದು ಬಂದೆ. ಅವನ ಮೇಲಲ್ಲ, ನಿಮ್ಮ ಮೇಲಿನ ಸಿಟ್ಟು ಅದು.

ಕಳೆದ ವಾರ ನಾನುಲಿಯನ್ನು ಜೈಲಿನಲ್ಲಿ ನೋಡಿದೆ. ಕೂದಲೆಲ್ಲ ಬೆಳ್ಳಗಾಗಿದೆ. ತನ್ನ ಬಗ್ಗೆ ಏನೂ ಕೇಳಲಿಲ್ಲ. "ಅಮ್ಮಾ, ಆವತ್ತಿನ ಪಾತ್ರೇಲಿ ಇದ್ದಿದ್ದನ್ನ ಯಾರಾದ್ರೂ ತಿಂದ್ರಾ? ಅಜ್ಜಿ ಪಕ್ಕದಲ್ಲೇ ಕೂತು ಹೇಳಿಕೊಟ್ಟು ಮಾಡಿಸಿದ್ದು, ಸಕ್ಕರೆ ಕಮ್ಮಿ ಆಯ್ತು ಅಂತ ಬೈದ್ರು, ಚೆಲ್ಲಿಬಿಟ್ರೆ ಪಾಪ," ಅಂದಳು. ಈ ಹೆಂಗಸನ್ನು ಸಾಯುವವರೆಗೂ ಅಲ್ಲಿ ಕೊಳೆಯಲು ಬಿಡುವುದೇ ಗುರುಭಕ್ತಿ ಎನ್ನುವುದಾದರೆ, ಅಂಥ ಭಕ್ತಿ ನನಗೆ ಬೇಡ.

ಸೋದರಳಿಯನ ವಕೀಲರು ಜಾಣರು. ನೀವು ಟೀವಿಯಲ್ಲಿ ಹೇಳಿದ್ದನ್ನೆಲ್ಲ ತಜ್ಞರ ಅಭಿಪ್ರಾಯ ಎಂದು ಬರೆಸಿ, ಕೆಳಗೆ ನಿಮ್ಮ ಸಹಿ ಹಾಕಿಸಿ, ಕೋರ್ಟಿಗೆ ಕೊಟ್ಟಿದ್ದಾರೆ. ನಿಮ್ಮ ಹೆಸರಿನ ತೂಕವೇ ಸಾಕು ಅಂದುಕೊಂಡರು. ನೀವೂ ಹಾಗೇ ಅಂದುಕೊಂಡು ಸಹಿ ಹಾಕಿದಿರಿ. ಆದರೆ ಸಹಿ ಹಾಕಿದವರನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು ಆರೋಪಿಗೆ ಇದೆ, ನೀವೇ ಕಲಿಸಿದ್ದು. ಇಂದು ಬೆಳಿಗ್ಗೆ ಅರ್ಜಿ ಹಾಕಿದೆ. ನ್ಯಾಯಾಧೀಶರು ಒಪ್ಪಿದರು.

ಈ ಪತ್ರ ತಲುಪುವ ಹೊತ್ತಿಗೆ ಕೋರ್ಟಿನ ಸಮನ್ಸ್ ಹಿಡಿದು ಅಮೀನನೂ ನಿಮ್ಮ ಬಾಗಿಲಿಗೆ ಬಂದಿರುತ್ತಾನೆ. ಬುಧವಾರ ಬನ್ನಿ ಗುರುಗಳೇ. ಇಲ್ಲಿ ಯಾರ ಧ್ವನಿಯನ್ನೂ ಯಾರೂ ಬಂದ್ ಮಾಡುವುದಿಲ್ಲ. ಸತ್ಯವನ್ನೇ ಹೇಳುತ್ತೇನೆಂದು ನೀವು ಪ್ರಮಾಣ ಮಾಡಿದ ಮೇಲೆ, ಆ ನಾಲ್ವರ ಮುಂದೆ, ನಾನುಲಿಯ ಮುಂದೆ, ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕಡತ ಓದಿದಿರಾ?

ದೇವರು ನಿಮಗೆ ಆಯುಸ್ಸು ಕೊಡಲಿ, ಆ ಪ್ರಶ್ನೆಗೆ ನಿಜ ಹೇಳುವ ಧೈರ್ಯವನ್ನೂ ಕೊಡಲಿ.

ಈಗಲೂ ನಿಮ್ಮ ಶಿಷ್ಯೆ, ಬುಧವಾರ ನಿಮ್ಮ ಎದುರು ನಿಲ್ಲುವ ವಕೀಲೆ,
ಪೊಲಿಕ್ಸೇನಿ