ದೊಡ್ಡಮ್ಮನ ಕೊಡಪಾನ

ಆದಿತ್ಯವಾರ, 14 ಮೇ 2017

ಮದುವೆಗೆ ಐದು ಸ್ಟೀಲಿನ ಕೊಡಪಾನ! ನಮ್ಮದು ಮದುವೆಯೋ, ಪಾತ್ರೆ ಅಂಗಡಿಯ ಉದ್ಘಾಟನೆಯೋ? ಎಲ್ಲಕ್ಕಿಂತ ಕುರೂಪದ್ದು ಅತ್ತೆಯ ಅಕ್ಕ, ಪೆರ್ಲದ ಲೋಲಾಕ್ಷಿ ದೊಡ್ಡಮ್ಮನದು. ಕುತ್ತಿಗೆಯ ಒಂದು ಬದಿಯಲ್ಲಿ ಅವರ ಹೆಸರು ಕೊರೆದಿದೆ. ಅದು ಉಡುಗೊರೆಯಲ್ಲ, ಜಾಹೀರಾತು.

"ಅಂಗಳದಲ್ಲಿಟ್ಟು ಮಾರುವ" ಎಂದ ಅಶ್ವಿತ್. ನೆರೆಕರೆಯವರೆಲ್ಲ ಆ ಹೆಸರು ಓದಲಿ ಎಂದೇ? ದೊಡ್ಡಮ್ಮನಿಗೆ ಗೊತ್ತಾದರೆ ಈ ಮನೆಯಲ್ಲಿ ನನ್ನ ಕಥೆ ಮುಗಿಯಿತು. ಹೆಸರನ್ನು ಗೋಡೆಗೆ ತಿರುಗಿಸಿ ಫೋಟೊ ತೆಗೆದು, 'ಪಿಂಕ್ ಲೋಟಸ್' ಎಂಬ ಸುಳ್ಳು ಹೆಸರಿನಲ್ಲಿ ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದೆ. "ನೀನು ಜೀನಿಯಸ್" ಎಂದು ಕೆನ್ನೆ ಹಿಂಡಿದ. ಎಷ್ಟು ಮುದ್ದು ನನ್ನ ಗಂಡ!

ಸಂಜೆ ಮೊದಲ ಗಿರಾಕಿಯ ಮೆಸೇಜ್: "ಚಂದ ಉಂಟು. ಒಂದು ಮದುವೆಗೆ ಕೊಡ್ಲಿಕ್ಕೆ ಬೇಕಿತ್ತು. ಹೊಸತರ ಹಾಗೆ ಕಾಣ್ತದಲ್ಲ? ರೇಟು ಕಡಿಮೆ ಮಾಡ್ತೀರಾ? ಲೋಲಾಕ್ಷಿ, ಪೆರ್ಲ."

ಜಿಪುಣಿ! ಮದುವೆಗೆ ಹಳೆಯ ಕೊಡಪಾನ ಹುಡುಕುವ ಹೆಂಗಸು!

ಅಶ್ವಿತ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೊಟ್ಟುಬಿಡು ಮಾರಾಯ್ತಿ. ಹೆಸರು ಕೊರೆಸುವ ಖರ್ಚು ಅವರಿಗೆ ಉಳೀತಲ್ಲ!"

ನಗು ನನಗೂ ಬಂತು. ಅಷ್ಟರಲ್ಲಿ ಇನ್ನೊಂದು ಮೆಸೇಜ್: "ಆಚೆ ಬದಿಯದ್ದೂ ಒಂದು ಫೋಟೊ ಹಾಕಿ."

ಫೋನನ್ನು ದಿಂಬಿನಡಿಗೆ ತುರುಕಿದ್ದೇನೆ. ಅಲ್ಲಿಂದಲೂ ಅದು ಟಿಣ್ ಎನ್ನುತ್ತಿದೆ. ಆ ದರಿದ್ರ ಕೊಡಪಾನ...