ಎಲ್ಲರೂ ಎದ್ದು ನಿಂತು ಕೇಳಿದ ಹಾಡು

ಅಡ್ಯಾರ್, ಚೆನ್ನೈ
೧೫-೨-೨೦೦೧

ಅವ್ವ,

ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ, ಚಿಂತೆ ಬೇಡ.

ನಿನ್ನೆ ನಮ್ಮ ಬ್ಯಾಂಕಿಗೆ ಬಿಳಿ ಅಂಗಿಯ ನಾಲ್ವರು ಕಾಲೇಜು ಹುಡುಗರು ಬಂದು, ನನ್ನ ಮೇಜಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಹಾಡತೊಡಗಿದರು. ಮ್ಯಾನೇಜರ್ ಮುರಳೀಧರ ರಾಯರು "ಎಲ್ಲಾರುಂ ಎಂದಿರಿಂಗ, ಪ್ರೇಯರ್!" ಎಂದು ಎಲ್ಲರನ್ನೂ ಎಬ್ಬಿಸಿದರು. ಪೆನ್ಷನ್ನಿಗೆ ಬಂದ ಅಜ್ಜಂದಿರು ಕೈಮುಗಿದು ನಿಂತರು. ಆಮೇಲೆ ಗೊತ್ತಾಯಿತು, ಅದು ಪ್ರೇಮಿಗಳ ದಿನದ ಹಾಡು. ಯಾರಾದರೂ ಚೀಟಿ ಕೊಂಡರೆ, ಅವರು ಹೇಳಿದವರ ಮುಂದೆ ಈ ಹುಡುಗರು ಹೋಗಿ ಹಾಡುತ್ತಾರೆ. ಬಂದ ದುಡ್ಡು ಅಂಧ ಮಕ್ಕಳ ಹಾಸ್ಟೆಲ್ಲಿಗೆ.

ನನಗೆ ಹಾಡಿಸಲು ಕೊಂಡ ಚೀಟಿಯಲ್ಲಿದ್ದ ಹೆಸರು ನಮ್ಮ ಕ್ಯಾಷಿಯರ್ ಇಳಂಗೋವನ್ ಅವರದು. ತಮಿಳರು, ಜಾತಿ ಬೇರೆ. ಮೂರು ವರ್ಷದಿಂದ ಮಧ್ಯಾಹ್ನದ ಬುತ್ತಿ ಒಟ್ಟಿಗೇ ಬಿಚ್ಚುತ್ತೇವೆ. ಸಂಜೆ, ನಾನೇ ಕಲಿಸಿದ ಕನ್ನಡದಲ್ಲಿ "ಸಿಟ್ಟು ಬಂತಾ ಮೇಡಂ?" ಎಂದು ಕೇಳಿದರು. ಇಲ್ಲ ಎಂದೆ. ಮದುವೆಯಾಗೋಣವಾ ಎಂದರು, ಹೂಂ ಎಂದೆ.

ರಾಣೆಬೆನ್ನೂರಿನ ಗಂಡಿನವರಿಗೆ ಬರಬೇಡಿರೆಂದು ಹೇಳಿಬಿಡು. ಮನೆಯಲ್ಲಿ ಕವರು ಇತ್ತು, ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಓಣಿಯವರಿಗೆಲ್ಲ ಹೇಳುವ ಸಂಕಟ ನಿನಗೆ ಬೇಡ. ಅದನ್ನು ನಮ್ಮ ಪೋಸ್ಟ್‌ಮ್ಯಾನ್ ನೋಡಿಕೊಳ್ಳುತ್ತಾರೆ.

ನಿನ್ನ
ಶಿವರಂಜನಿ

ಚನ್ನವೀರಪ್ಪಣ್ಣ, ಓದಿ ಮುಗಿದಿದ್ದರೆ ಕಾರ್ಡು ಅವ್ವನ ಕೈಗೆ ಕೊಡಿ.